ಆರನೇ ವಾರದ ಸೆಲ್ಫಿ ನಂಬಬೇಡಿ

ಪ್ರಶ್ನೆ: ನನಗೆ 26 ವರ್ಷ. ಎರಡೂ ದವಡೆಗಳ ಶಸ್ತ್ರಚಿಕಿತ್ಸೆಯಾಗಿ ಆರು ವಾರವಾಯಿತು. ಕನ್ನಡಿಯಲ್ಲಿ ಮುಖ ಪರವಾಗಿಲ್ಲ ಅನಿಸುತ್ತದೆ. ಸೆಲ್ಫಿ ತೆಗೆದರೆ ಮಾತ್ರ ಮೂಗು ಅಗಲ, ಎಡಗೆನ್ನೆ ದಪ್ಪ, ನಗು ಸೊಟ್ಟ. ಆಪರೇಷನ್ ಸರಿಯಾಗಿಲ್ಲವೇ ಡಾಕ್ಟರೇ?

ಉತ್ತರ: ನಿಮ್ಮ ಆತಂಕ ಸಹಜ. ಆದರೆ ಆರನೇ ವಾರದ ಸೆಲ್ಫಿ ನೋಡಿ ಆಪರೇಷನ್ನಿನ ಫಲ ಹೇಳಲು ಬರುವುದಿಲ್ಲ. ಮೊದಲ ಕಾರಣ ಊತ. ಅದು ಎರಡು-ಮೂರನೇ ದಿನ ಅತಿ ಹೆಚ್ಚಿದ್ದು, ಬಹುಪಾಲು ಕೆಲವೇ ವಾರಗಳಲ್ಲಿ ಇಳಿಯುತ್ತದೆ; ಉಳಿದದ್ದು ಪೂರ್ತಿ ಕರಗಲು ಆರು ತಿಂಗಳಿಂದ ಒಂದು ವರ್ಷ ಹಿಡಿಯಬಹುದು. ಎರಡೂ ಕೆನ್ನೆಗಳಲ್ಲಿ ಒಂದೇ ವೇಗದಲ್ಲಿ ಇಳಿಯುವುದೂ ಇಲ್ಲ. ಬೆಳಿಗ್ಗೆ ಎದ್ದಾಗ ಹೆಚ್ಚು, ಸಂಜೆಗೆ ಕಡಿಮೆ. ಕೆಳತುಟಿ, ಗದ್ದ ಜೋಮು ಹಿಡಿದು ಸ್ನಾಯುಗಳು ಬಿಗಿದಿರುವಾಗ ನಗುವೂ ಹಿಡಿತಕ್ಕೆ ಸಿಗುವುದಿಲ್ಲ.

ಕ್ಯಾಮೆರಾ ಇದ್ದದ್ದನ್ನೇ ತೋರಿಸುತ್ತದಲ್ಲ ಎನ್ನಬಹುದು. ಇದ್ದದ್ದು ಹೇಗೆ ಕಾಣುತ್ತದೆ ಎಂಬುದು ದೂರದ ಮೇಲೆ ನಿಂತಿದೆ. ಕೈಯಳತೆಯಲ್ಲಿ ಹಿಡಿದ ಮೊಬೈಲಿಗೆ ಕಿವಿಗಿಂತ ಮೂಗು ಹತ್ತಿರ, ಹಾಗಾಗಿ ಅದೇ ದೊಡ್ಡದು. 12 ಇಂಚಿನಿಂದ ತೆಗೆದ ಚಿತ್ರದಲ್ಲಿ ಮೂಗಿನ ಬುಡ, 5 ಅಡಿಯಿಂದ ತೆಗೆದುದಕ್ಕಿಂತ ಸುಮಾರು ಶೇ 30ರಷ್ಟು ಅಗಲ ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಮೇಲ್ದವಡೆ ಸರಿಸಿದಾಗ ಮೂಗಿನ ಬುಡ ನಿಜವಾಗಿಯೂ ಕೊಂಚ ಅಗಲವಾಗಬಹುದು. ಆದರೆ ಅದೆಷ್ಟು ಎಂದು ಸೆಲ್ಫಿ ಹೇಳಲಾರದು. ಇನ್ನು, ನಿಮಗೆ ರೂಢಿಯಾಗಿರುವುದು ಕನ್ನಡಿಯ ಎಡಬಲ ಅದಲುಬದಲಾದ ಮುಖ. ಫೋಟೊದಲ್ಲಿ ಅದು ತಿರುವುಮುರುವಾದಾಗ, ಎಲ್ಲರ ಮುಖದಲ್ಲೂ ಇರುವ ಸಣ್ಣ ಓರೆ ಹೊಸ ದೋಷದಂತೆ ಕಣ್ಣಿಗೆ ಹೊಡೆಯುತ್ತದೆ.

ಹೀಗೆ ಕಾಯುತ್ತಾ ಕೂತು ನಿಜವಾದ ತೊಂದರೆ ಕೈತಪ್ಪಿದರೆ? ಈ ಭಯ ನ್ಯಾಯವಾದದ್ದೇ. ಆದರೆ ಅವಸರದ ಲಕ್ಷಣಗಳನ್ನು ತಿಳಿಯಲು ಫೋಟೊ ಬೇಕಿಲ್ಲ: ಇಳಿದಿದ್ದ ಊತ ಒಂದೇ ಕಡೆ ಮತ್ತೆ ಏರುವುದು, ಜ್ವರ, ಕೀವು, ಆಪರೇಷನ್ನಿನ ನಂತರ ಸರಿಯಾಗಿ ಕೂಡುತ್ತಿದ್ದ ಹಲ್ಲುಗಳು ಈಗ ಹಾಗೆ ಕೂಡದಿರುವುದು. ಇವು ಕಂಡರೆ ಅಂದೇ ನಿಮ್ಮ ಸರ್ಜನ್ನರನ್ನು ನೋಡಿ. ಉಸಿರಾಟಕ್ಕೆ ತೊಂದರೆಯಾದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ. ಫೋಟೊ ಬೇಕೇ ಬೇಕೆಂದರೆ ತಿಂಗಳಿಗೊಮ್ಮೆ, ಸಂಜೆ ಅದೇ ಹೊತ್ತಿಗೆ, ಅದೇ ಬೆಳಕಿನಲ್ಲಿ, ಮನೆಯವರಿಂದ 5 ಅಡಿ ದೂರದಿಂದ ಕಣ್ಣಿನ ಮಟ್ಟದಲ್ಲಿ ತೆಗೆಸಿ, ಮುಂದಿನ ತಪಾಸಣೆಗೆ ಒಯ್ಯಿರಿ. ಎಕ್ಸ್‌ರೇ ಜೊತೆಗಿಟ್ಟು ನೋಡಿದಾಗ ಅವು ಉಪಯೋಗಕ್ಕೆ ಬರುತ್ತವೆ. ಇಷ್ಟಾದರೂ ಮತ್ತೆ ಮತ್ತೆ ಫೋಟೊ ನೋಡುವುದರಲ್ಲೇ ನಿದ್ದೆ, ಊಟ, ಕೆಲಸ ಕೆಡುತ್ತಿದ್ದರೆ ಸಂಕೋಚಪಡದೆ ಸರ್ಜನ್ನರಿಗೆ ಹೇಳಿ. ಅಂಥ ಸಂಕಟಕ್ಕೂ ಚಿಕಿತ್ಸೆಯಿದೆ, ಅದಕ್ಕೆ ಊತ ಇಳಿಯುವವರೆಗೆ ಕಾಯಬೇಕಿಲ್ಲ.