ಕಡಲತೀರದ ಅತಿಥಿ

ಕರ್ನಾಟಕದ ಕರಾವಳಿಯ ಉತ್ತರ ತುದಿಯಲ್ಲಿ ಕಾರವಾರವಿದೆ. ಅದರ ದಕ್ಷಿಣಕ್ಕೆ ಅಂಕೋಲೆ. ಒಂದು ಪಕ್ಕದಲ್ಲಿ ಅರಬ್ಬೀ ಸಮುದ್ರ, ಮತ್ತೊಂದು ಪಕ್ಕದಲ್ಲಿ ಸಹ್ಯಾದ್ರಿಯ ದಟ್ಟವಾದ ಅರಣ್ಯ. ಇವೆರಡರ ನಡುವೆ ಗದ್ದೆ, ತೆಂಗಿನ ತೋಟ, ಊರುಕೇರಿಗಳ ಕಿರಿದಾದ ಪಟ್ಟಿ. ರಜೆಯ ದಿನಗಳಲ್ಲಿ ಇಲ್ಲಿಗೆ ಬರುವ ಪ್ರವಾಸಿಗರು ಅನೇಕರು. ಮರಳಿನ ಮೇಲೆ ನಡೆದು, ಅಲೆಗಳಲ್ಲಿ ಆಡಿ, ಸೂರ್ಯಾಸ್ತವನ್ನು ಕಂಡು ಅವರು ಹಿಂದಿರುಗುತ್ತಾರೆ. ಆದರೆ ಈ ಕಡಲಿನ ಕಥೆ ಆರಂಭವಾಗುವುದು ಕಾಡಿನಲ್ಲಿ ಎಂಬುದನ್ನು ಅರಿತವರು ವಿರಳ.

1883ರಲ್ಲಿ ಇಪ್ಪತ್ತೆರಡರ ಪ್ರಾಯದ ತರುಣನೊಬ್ಬನು ಕಾರವಾರಕ್ಕೆ ಅತಿಥಿಯಾಗಿ ಬಂದನು. ಆತನ ಅಣ್ಣ ಸತ್ಯೇಂದ್ರನಾಥ ಠಾಕೂರರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಆ ತರುಣನೇ ಮುಂದೆ ವಿಶ್ವಕವಿಯೆನಿಸಿದ ರವೀಂದ್ರನಾಥ ಠಾಕೂರ್. ಒಂದು ಬೆಳದಿಂಗಳ ರಾತ್ರಿ ಅವರು ಸಂಗಡಿಗರೊಡನೆ ಚಿಕ್ಕ ದೋಣಿಯಲ್ಲಿ ಕಾಳಿನದಿಯ ಮೇಲೆ ಸಾಗಿ, ದಡದ ರೈತನೊಬ್ಬನ ಅಂಗಳದಲ್ಲಿ ಕುಳಿತು ಊಟಮಾಡಿ, ಇಳಿತದ ನೀರಿನೊಡನೆ ಹಿಂದಿರುಗಿದರು. ‘ಪ್ರಕೃತಿಯ ಪ್ರತಿಶೋಧ’ ಎಂಬ ನಾಟಕವನ್ನು ಅವರು ಬರೆದದ್ದು ಈ ಊರಿನಲ್ಲಿಯೇ. ಪ್ರಕೃತಿಯ ಬಂಧವನ್ನು ಕಡಿದುಕೊಳ್ಳಲು ಹವಣಿಸಿದ ಸನ್ಯಾಸಿಯೊಬ್ಬನನ್ನು ಪುಟ್ಟ ಬಾಲಿಕೆಯ ಪ್ರೀತಿ ಮತ್ತೆ ಲೋಕದೆಡೆಗೆ ಸೆಳೆಯುವುದೇ ಅದರ ವಸ್ತು. ಕಾರವಾರದ ಕಡಲತೀರಕ್ಕೆ ಇಂದು ಈ ಕವಿಯ ಹೆಸರಿದೆ.

ಮನುಷ್ಯನಿಗೂ ಪ್ರಕೃತಿಗೂ ಇರುವಂತೆಯೇ ಕಾಡಿಗೂ ಕಡಲಿಗೂ ಬಂಧವಿದೆ. ಅದನ್ನು ಬೆಸೆಯುವವು ನದಿಗಳು. ಕಾಳಿನದಿ ಸಹ್ಯಾದ್ರಿಯಲ್ಲಿ ಹುಟ್ಟಿ ಕಾರವಾರದಲ್ಲಿ ಸಮುದ್ರವನ್ನು ಸೇರುತ್ತದೆ. ಧಾರವಾಡದ ಕಡೆ ಹುಟ್ಟಿದ ಬೇಡ್ತಿ ಮಾಗೋಡಿನಲ್ಲಿ ಜಲಪಾತವಾಗಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಅಂಕೋಲೆಯ ಬಳಿ ಕಡಲಿಗಿಳಿಯುತ್ತದೆ. ಮಳೆಗಾಲದ ಬಿರುಸನ್ನು ಮರದ ಎಲೆಗಳು ತಡೆಯುತ್ತವೆ. ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ. ಅಳಿವೆಯ ಕಾಂಡ್ಲಾ ಗಿಡಗಳು ಹರಿದುಬಂದ ಕೆಸರನ್ನು ತಡೆದು, ಮೀನು ಸಿಗಡಿಗಳ ಮರಿಗಳಿಗೆ ಆಸರೆ ನೀಡುತ್ತವೆ. ಇದೇ ಜಿಲ್ಲೆಯ ಮುರ್ಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳದ ಜೀವಿಗಳಿವೆ. ಅವುಗಳ ದೇಹದಲ್ಲಿ ವಾಸಿಸುವ ಸೂಕ್ಷ್ಮ ಪಾಚಿಗೆ ಸೂರ್ಯನ ಬೆಳಕು ಬೇಕು; ಅದಕ್ಕಾಗಿ ನೀರು ತಿಳಿಯಾಗಿರಬೇಕು. ಕಾಡು ಬರಿದಾದರೆ ನದಿ ಕೆಂಪಾಗುತ್ತದೆ. ನದಿ ಕೆಂಪಾದರೆ ಕಡಲು ಕದಡುತ್ತದೆ.

ಗುಡ್ಡದ ಆಧಾರ ತಪ್ಪಿದರೆ ಏನಾಗುವುದೆಂಬುದಕ್ಕೆ ಅಂಕೋಲೆ ತಾಲ್ಲೂಕಿನ ಶಿರೂರು ಸಾಕ್ಷಿಯಾಗಿದೆ. 2024ರ ಜುಲೈ 16ರಂದು, ಹೆದ್ದಾರಿಗಾಗಿ ಬುಡ ಕಡಿದಿದ್ದ ಗುಡ್ಡವು ವಿಪರೀತ ಮಳೆಗೆ ಕುಸಿದು ಗಂಗಾವಳಿಗೆ ಉರುಳಿತು. ನದಿಯ ನೀರು ಉಕ್ಕಿ ಆಚೆ ದಡದ ಉಳುವರೆಯ ಮನೆಗಳನ್ನೂ ಅಪ್ಪಳಿಸಿತು. ಹಲವರು ಪ್ರಾಣ ಕಳೆದುಕೊಂಡರು.

ಈ ಬಂಧವನ್ನು ಬೆಸೆಯುವ ಕಾರ್ಯದಲ್ಲಿಯೇ ಬಾಳನ್ನು ಸವೆಸಿದ ಮಹಿಳೆಯೊಬ್ಬರು ಇದೇ ತಾಲ್ಲೂಕಿನಲ್ಲಿದ್ದರು. ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಅಗಸೂರು ಎಂಬ ಊರಿದೆ. ಅಲ್ಲಿನ ಅರಣ್ಯ ಇಲಾಖೆಯ ಸಸಿಮಡಿಗಳಿಗೆ ಬೀಜ ಒದಗಿಸಿದವರು ಹೊನ್ನಳ್ಳಿಯ ತುಳಸಿ ಗೌಡ. ಹಾಲಕ್ಕಿ ಸಮುದಾಯಕ್ಕೆ ಸೇರಿದ ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬಹುಕಾಲ ದಿನಗೂಲಿಯವರಾಗಿ ದುಡಿದರು. ಆದರೆ ಪ್ರತಿ ಜಾತಿಯ ತಾಯಿಮರವನ್ನು ಗುರುತಿಸಿ, ಸಕಾಲದಲ್ಲಿ ಬೀಜ ಆಯ್ದು, ಮೊಳೆಯಿಸಿ, ಸಸಿಯಾಗಿಸುವ ವಿದ್ಯೆ ಅವರಿಗೆ ಕರಗತವಾಗಿತ್ತು. 2021ರ ನವೆಂಬರಿನಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪ್ರಶಸ್ತಿಯನ್ನು ಸ್ವೀಕರಿಸಲು ಅವರು ತಮ್ಮ ಎಂದಿನ ಉಡುಗೆಯಲ್ಲಿ, ಬರಿಗಾಲಿನಲ್ಲಿಯೇ ನಡೆದುಬಂದರು. 2024ರ ಡಿಸೆಂಬರ್ 16ರಂದು ಅವರು ನಿಧನರಾದರು. ಅವರು ಬೆಳೆಸಿದ ಮರಗಳು ಇಂದಿಗೂ ಮಳೆಯನ್ನು ತಡೆಯುತ್ತಿವೆ, ಮಣ್ಣನ್ನು ಹಿಡಿದಿವೆ.

ಕಡಲತೀರದಲ್ಲಿ ನಿಂತ ಪ್ರವಾಸಿಗನ ಕಣ್ಣಿಗೆ ಈ ಸಸಿಮಡಿ ಬೀಳುವುದಿಲ್ಲ. ಆದರೂ ಅವನು ಸವಿಯುವ ತಿಳಿನೀರಿನಲ್ಲಿ, ಊಟದ ಎಲೆಯ ಮೇಲಿನ ಮೀನಿನಲ್ಲಿ ಅದರ ಪಾಲಿದೆ. ಅತಿಥಿಯಾದವನು ಆತಿಥ್ಯ ನೀಡಿದವರನ್ನು ಅರಿಯಬೇಕು. ಮರಳಿನ ಮೇಲೆ ಪ್ಲಾಸ್ಟಿಕ್ಕನ್ನು ಎಸೆಯದೆ, ಹವಳವನ್ನು ಮುರಿಯದೆ ಹಿಂದಿರುಗುವುದು ಅವನ ಮೊದಲ ಕರ್ತವ್ಯ. ಒಂದು ದಿನವಾದರೂ ಕಡಲಿಗೆ ಬೆನ್ನುಮಾಡಿ ನದಿಯ ಗುಂಟ ಮೇಲಕ್ಕೆ ನಡೆದು, ಆ ನೀರು ಬಂದ ಕಾಡನ್ನು ಕಾಣುವುದು ಎರಡನೆಯದು.