ಹೊಟ್ಟಿನ ಬೂದಿ, ಹಗುರ ಲೋಹ: ಸಿಂಟರಿಂಗ್ ಗೆಲ್ಲಲು ಆರು ಸೂತ್ರಗಳು

ನಂಜನಗೂಡು, ತಿ. ನರಸೀಪುರ ಕಡೆಯಿಂದ ಮೈಸೂರಿಗೆ ಓಡಾಡುವ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ, ಪ್ರಾಜೆಕ್ಟಿಗೆ ಹಗುರ ಲೋಹದ ಕಾಂಪೊಸಿಟ್ ಮಾಡುವಿರಾದರೆ ಬೆರಕೆಗೆ ಬೇಕಾದ ಸಿಲಿಕಾ ನಿಮ್ಮೂರಿನ ರೈಸ್‌ಮಿಲ್ಲಿನ ಹೊಟ್ಟಿನ ಬೂದಿಯಲ್ಲೇ ಇದೆ. ಹೆಚ್ಚಿನವರು ಅಲ್ಯೂಮಿನಿಯಂ ಕರಗಿಸಿ, ಬೂದಿ ಕಲಕಿ ಎರಕ ಹೊಯ್ಯುತ್ತಾರೆ. ಅದಕ್ಕೆ ಗಟ್ಟಿ ಪರಂಪರೆಯೂ ಇದೆ: ಎಂ.ಕೆ. ಸೂರಪ್ಪ ಮತ್ತು ಪಿ.ಕೆ. ರೋಹಟ್ಗಿ ಎರಕದ ಕಾಂಪೊಸಿಟ್ ಕುರಿತು 1981ರಲ್ಲಿ ಬರೆದ ಪ್ರಬಂಧವನ್ನು ಇಂದಿಗೂ ಓದಬೇಕು. ಆದರೆ ಕರಗಿದ ಲೋಹದಲ್ಲಿ ಬೂದಿ ಗಂಟುಕಟ್ಟುತ್ತದೆ, ಸಿಲಿಕಾ ಅಲ್ಯೂಮಿನಿಯಂ ಜೊತೆ ವರ್ತಿಸಿ ರೂಪ ಬದಲಿಸುತ್ತದೆ. ಲೋಹವನ್ನು ಕರಗಿಸದೆ, ಪುಡಿಯನ್ನು ಒತ್ತಿ ಕಾಯಿಸಿ ಬೆಸೆಯುವ ಸಿಂಟರಿಂಗ್ ದಾರಿಯನ್ನೇ ನಾನು ಒತ್ತಿ ಹೇಳುತ್ತೇನೆ.

1. ತೊಡಕು ಎಲ್ಲಿದೆ ಎಂದು ಮೊದಲು ತಿಳಿಯಿರಿ. ಅಕ್ಕಿಗೆ ಹೊಟ್ಟಿರುವಂತೆ ಅಲ್ಯೂಮಿನಿಯಂ ಕಣಕ್ಕೆ ಆಕ್ಸೈಡಿನ ಸಿಪ್ಪೆಯಿದೆ. ಲೋಹ 660 ಡಿಗ್ರಿಗೆ ಕರಗಿದರೆ ಸಿಪ್ಪೆ ಕರಗಲು 2,000 ಡಿಗ್ರಿ ದಾಟಬೇಕು. ಯಾವ ವಿಧಾನವನ್ನೇ ಆರಿಸಿ, ಅದು ಈ ಸಿಪ್ಪೆಯನ್ನು ಹೇಗೆ ಒಡೆಯುತ್ತದೆ ಎಂದು ಕೇಳಿ.

2. ಬೂದಿಯನ್ನು ನೀವೇ ಸುಡಿ. ಬಾಯ್ಲರಿನ ಕಪ್ಪು ಬೂದಿಯಲ್ಲಿ ಇಂಗಾಲ ಉಳಿದಿರುತ್ತದೆ. ಸುಮಾರು 600 ಡಿಗ್ರಿಯಲ್ಲಿ ಬೆಳ್ಳಗಾಗುವವರೆಗೆ ಸುಟ್ಟು, ಜರಡಿ ಹಿಡಿದು, ಒಣಗಿಸಿ ಬಳಸಿ.

3. ಅಗ್ಗದ ದಾರಿಯಿಂದ ಶುರು ಮಾಡಿ. ಪುಡಿಗೆ ನೂರಕ್ಕೆ ಒಂದು ಪಾಲಿನಷ್ಟು ಮೆಗ್ನೀಸಿಯಂ ಬೆರೆಸಿ, ಬಿಲ್ಲೆಯಾಗಿ ಒತ್ತಿ, ಒಣ ನೈಟ್ರೋಜನ್ ಹರಿಯುವ ಕುಲುಮೆಯಲ್ಲಿಡಿ. ಮೆಗ್ನೀಸಿಯಂ ಸಿಪ್ಪೆಯನ್ನು ಒಡೆಯುತ್ತದೆ. ಅದರ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ. ಒಣ ಮರಳು ಪಕ್ಕದಲ್ಲೇ ಇರಲಿ.

4. ಮೈಕ್ರೋವೇವ್‌ಗೆ ಹೆದರಬೇಡಿ. ಗಟ್ಟಿ ಲೋಹ ಆ ಅಲೆಗಳನ್ನು ಹಿಂದಕ್ಕಟ್ಟುತ್ತದೆ, ನಿಜ. ಆದರೆ ನುಣ್ಣನೆ ಪುಡಿ ಅವನ್ನು ಹೀರಿಕೊಂಡು ಕಾಯುತ್ತದೆ. ಲೋಹದ ಪುಡಿಯನ್ನು ಹೀಗೆ ಪೂರ್ತಿ ಸಿಂಟರ್ ಮಾಡಬಹುದೆಂದು ಅಮೆರಿಕದ ಪೆನ್ ಸ್ಟೇಟ್‌ನ ರಸ್ಟಮ್ ರಾಯ್, ದಿನೇಶ್ ಅಗ್ರವಾಲ್ ತಂಡ 1999ರಲ್ಲಿ ತೋರಿಸಿತು. ಸಿಂಗಪುರದಲ್ಲಿ ಮನೋಜ್ ಗುಪ್ತಾ ಅವರ ತಂಡ ಬಿಲ್ಲೆಯ ಸುತ್ತ ಸಿಲಿಕಾನ್ ಕಾರ್ಬೈಡ್ ಇಟ್ಟು, ಹೊರಗಿನಿಂದಲೂ ಒಳಗಿನಿಂದಲೂ ಕಾಯಿಸಿತು. ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯಿತು. ಬೇಗ ಮುಗಿದಷ್ಟೂ ಲೋಹದ ಹರಳುಗಳು ದೊಡ್ಡದಾಗಲು ಸಮಯ ಸಿಗದು. ಹರಳು ಸಣ್ಣದಿದ್ದಷ್ಟೂ ಕಾಂಪೊಸಿಟ್ ಗಟ್ಟಿ. ಇದು ಕಾಲೇಜಿನ ಲ್ಯಾಬಿನಲ್ಲಿ, ಗೈಡ್ ಎದುರಲ್ಲೇ ಮಾಡುವ ಕೆಲಸ. ಅಡುಗೆಮನೆಯ ಓವನ್ ಮುಟ್ಟಬೇಡಿ.

5. ಸ್ಪಾರ್ಕ್ ಪ್ಲಾಸ್ಮಾ ಸಿಂಟರಿಂಗ್ ಯಂತ್ರವನ್ನು ಕೇಳಿ ಪಡೆಯಿರಿ. ಗ್ರಾಫೈಟ್ ಅಚ್ಚಿನಲ್ಲಿ ಪುಡಿಯನ್ನು ಒತ್ತುತ್ತಲೇ ವಿದ್ಯುತ್ ಹರಿಸಿದರೆ ಕೆಲವೇ ನಿಮಿಷಗಳಲ್ಲಿ, ಕರಗುವ ಬಿಂದುವಿಗಿಂತ ಕೆಳಗೇ ಬಿಲ್ಲೆ ಸಿದ್ಧ. ಹೈದರಾಬಾದಿನ ಎಆರ್‌ಸಿಐ ಸಂಶೋಧನಾ ಕೇಂದ್ರದಂಥ ಸಂಸ್ಥೆಗಳಲ್ಲಿ ಈ ಯಂತ್ರವಿದೆ. ಗೈಡ್ ಮೂಲಕ ಪತ್ರ ಬರೆಯಿರಿ. ಅಚ್ಚಿನ ಮೇಲೆ ಅಳೆದ ತಾಪಕ್ಕಿಂತ ಒಳಗಿನ ತಾಪ ಹೆಚ್ಚಿರಬಹುದು. ಹಾಗಾಗಿ ತಾಪವನ್ನು ಒಮ್ಮೆಗೇ ಏರಿಸಿದರೆ ಅಲ್ಯೂಮಿನಿಯಂ ಸೋರಿ ದುಬಾರಿ ಅಚ್ಚು ಹಾಳಾಗುತ್ತದೆ.

6. ಒಂದೇ ಪುಡಿ, ಒಂದೇ ಒತ್ತಡ. ಹೀಗೆ ಮಾಡಿದ ಬಿಲ್ಲೆಗಳಲ್ಲಿ ಕೆಲವನ್ನು ಮಾಮೂಲಿ ಕುಲುಮೆಯಲ್ಲೂ ಕೆಲವನ್ನು ಹೊಸ ವಿಧಾನದಲ್ಲೂ ಕಾಯಿಸಿ ಹೋಲಿಸಿ. ಸಾಂದ್ರತೆಯನ್ನು ನೀರಲ್ಲಿ ಮುಳುಗಿಸಿ ಅಳೆಯುವ ಮುನ್ನ ಮೇಲೆ ಮೇಣ ಬಳಿಯಿರಿ, ಇಲ್ಲವಾದರೆ ರಂಧ್ರಕ್ಕೆ ನೀರು ನುಗ್ಗಿ ಲೆಕ್ಕ ತಪ್ಪುತ್ತದೆ. ಬಿರುಕು ಬಿಟ್ಟ ಬಿಲ್ಲೆಯ ಫೋಟೊವನ್ನೂ ವರದಿಯಲ್ಲಿ ಹಾಕಿ. ಮುಂದಿನ ವರ್ಷದ ತಂಡ ಮೊದಲು ಹುಡುಕುವುದು ಅದನ್ನೇ.