ಕ್ಲೌಡಿನಲ್ಲಿಟ್ಟ ದಾಖಲೆ ಭದ್ರವೇ?

ಹೊಲದ ಕ್ರಯಪತ್ರವನ್ನೂ ಅದರ ನಕಲನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದವನ ಬಳಿ ಎಷ್ಟು ಪ್ರತಿಗಳಿವೆ? ಎಣಿಸಿದರೆ ಎರಡು, ಪೆಟ್ಟಿಗೆಯೇ ಕಳುವಾದರೆ ಒಂದೂ ಇಲ್ಲ. ಆಗ ಅವನನ್ನು ಕಾಪಾಡುವುದು ನೋಂದಣಿ ಕಚೇರಿಯಲ್ಲಿ ಬೇರೊಂದು ಬೀಗದ ರಕ್ಷಣೆಯಲ್ಲಿರುವ ದಾಖಲೆ. ಈ ಸಾಮಾನ್ಯ ಸಂಗತಿಯನ್ನು ಕಡೆಗಣಿಸಿದ ವ್ಯಾಪಾರಸಂಸ್ಥೆಯೊಂದು ೧೨ ಗಂಟೆಗಳಲ್ಲಿ ನಾಶವಾದ ಬಗೆಯನ್ನು ಇಲ್ಲಿ ನೋಡೋಣ.

‘ಕ್ಲೌಡ್’ ಎಂದರೆ ಮೋಡ. ಹೆಸರು ಹೀಗಿದ್ದರೂ ಅದಕ್ಕೂ ಆಕಾಶಕ್ಕೂ ಸಂಬಂಧವಿಲ್ಲ. ದೊಡ್ಡ ಕಟ್ಟಡಗಳಲ್ಲಿ ಸಾವಿರಾರು ಗಣಕಯಂತ್ರಗಳನ್ನು ಸಾಲಾಗಿ ಜೋಡಿಸಿ, ಅವುಗಳ ಶಕ್ತಿಯನ್ನೂ ಸಂಗ್ರಹಸ್ಥಳವನ್ನೂ ಅಂತರಜಾಲದ ಮೂಲಕ ಬಾಡಿಗೆಗೆ ಕೊಡುವ ಏರ್ಪಾಡಿಗೆ ಈ ಹೆಸರು ಬಂದಿದೆ. ಮನೆಯಲ್ಲೇ ವಿದ್ಯುತ್ತನ್ನು ಉತ್ಪಾದಿಸದೆ, ತಂತಿಯ ಮೂಲಕ ಪಡೆದು, ಬಳಸಿದಷ್ಟಕ್ಕೆ ಹಣ ತೆರುವಂತೆಯೇ ಇದು. ಸ್ವಂತ ಯಂತ್ರಗಳ ಖರ್ಚು ತಪ್ಪುವುದರಿಂದ ಸಣ್ಣ ಸಂಸ್ಥೆಗಳಿಗೂ ಇದು ಅನುಕೂಲ.

ಆದರೆ ಇಲ್ಲಿ ಕಾವಲಿನ ಹೊಣೆ ಇಬ್ಬರಲ್ಲಿ ಹಂಚಿಕೆಯಾಗಿದೆ. ಕಟ್ಟಡ, ವಿದ್ಯುತ್ತು, ಯಂತ್ರಗಳು, ಇವುಗಳ ರಕ್ಷಣೆ ಬಾಡಿಗೆಗೆ ಕೊಟ್ಟವರದು. ದಾಖಲೆಗಳನ್ನು ಯಾರು ನೋಡಬಹುದು, ಯಾರು ಅಳಿಸಬಹುದು, ಬೀಗದ ಕೈ ಯಾರಲ್ಲಿರಬೇಕು ಎಂಬುದೆಲ್ಲ ಬಾಡಿಗೆಗೆ ಪಡೆದವರ ಹೊಣೆ. ಇಲ್ಲಿ ಬೀಗದ ಕೈಯೆಂದರೆ ಪಾಸ್‌ವರ್ಡ್ ಎಂಬ ಗುಪ್ತಪದ. ಅದನ್ನು ಬಲ್ಲವನು ನಿಯಂತ್ರಣ ಫಲಕವನ್ನು ತನ್ನ ಪರದೆಯ ಮೇಲೆ ತೆರೆದು, ಹೊಸ ಯಂತ್ರಗಳನ್ನು ಪಡೆಯಬಹುದು. ಇರುವುದನ್ನು ಅಳಿಸಿಯೂ ಬಿಡಬಹುದು.

ಕೋಡ್ ಸ್ಪೇಸಸ್ ಎಂಬ ಸಂಸ್ಥೆಯ ಕಸುಬು ತಂತ್ರಾಂಶ ಬರೆಯುವವರ ಕಡತಗಳನ್ನು ಕಾಪಾಡಿಕೊಡುವುದು. ಅದು ಅಮೆಜಾನ್‌ನ ಕ್ಲೌಡನ್ನು ಬಾಡಿಗೆಗೆ ಪಡೆದಿತ್ತು. ೨೦೧೪ರ ಜೂನ್ ೧೭ರಂದು ಅದರ ಯಂತ್ರಗಳಿಗೆ ಹುಸಿ ಕೋರಿಕೆಗಳ ಮಹಾಪೂರವೇ ಹರಿದುಬಂದಿತು. ನಿಯಂತ್ರಣ ಫಲಕವನ್ನು ತೆರೆದು ನೋಡಿದಾಗ, ಒಳನುಗ್ಗಿದವನೊಬ್ಬನು ಬಿಟ್ಟುಹೋದ ಸಂದೇಶಗಳು ಕಂಡವು. ದಾಳಿ ನಿಲ್ಲಬೇಕಾದರೆ ದೊಡ್ಡ ಮೊತ್ತ ಕೊಡಬೇಕೆಂಬುದು ಅವನ ಬೇಡಿಕೆ. ಸಂಸ್ಥೆಯವರು ಗುಪ್ತಪದಗಳನ್ನು ಬದಲಿಸಿದರು. ಆದರೆ ಅವನು ಆ ವೇಳೆಗಾಗಲೇ ತನಗಾಗಿ ಬೇರೆ ಪ್ರವೇಶಗಳನ್ನು ಮಾಡಿಕೊಂಡಿದ್ದನು. ಅವರ ಪ್ರಯತ್ನವನ್ನು ಕಂಡೊಡನೆ ಅವನು ಅಳಿಸತೊಡಗಿದನು. ೧೨ ಗಂಟೆಗಳೊಳಗೆ ಮೂಲ ದಾಖಲೆಗಳಲ್ಲಿಯೂ ಕಾದಿಟ್ಟ ನಕಲುಗಳಲ್ಲಿಯೂ ಬಹುಭಾಗ ನಾಶವಾಯಿತು. ವ್ಯವಹಾರವನ್ನು ಮುಂದುವರಿಸಲಾರೆವೆಂದು ಸಂಸ್ಥೆ ಪ್ರಕಟಿಸಿತು.

ಅಮೆಜಾನ್‌ನ ಕಟ್ಟಡದ ಗೋಡೆಯನ್ನು ಇಲ್ಲಿ ಯಾರೂ ಒಡೆಯಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಸಂಸ್ಥೆಯಲ್ಲಿ ನಕಲುಗಳೂ ಇದ್ದವು. ಆದರೆ ಮೂಲವನ್ನು ತೆರೆಯುವ ಕೈಯೇ ಅವುಗಳನ್ನೂ ತೆರೆಯುತ್ತಿತ್ತು. ಒಂದು ಕಳೆದಾಗ ಎರಡೂ ಹೋದವು.

ಬೀಗದಂತೆಯೇ ಸೂರೂ ಬೇರೆಯಾಗಿರಬೇಕು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ೨೦೨೧ರ ಮಾರ್ಚ್ ೧೦ರಂದು, ನಡುರಾತ್ರಿ ಕಳೆದು ಒಂದು ಗಂಟೆಯಾಗುವುದರೊಳಗೆ, ಓವಿಎಚ್ ಕ್ಲೌಡ್ ಸಂಸ್ಥೆಯ ಐದು ಅಂತಸ್ತಿನ ಕಟ್ಟಡಕ್ಕೆ ಬೆಂಕಿ ಬಿದ್ದಿತು. ಪ್ರಾಣಹಾನಿಯಾಗಲಿಲ್ಲ, ಕಟ್ಟಡ ಮಾತ್ರ ಸುಟ್ಟುಹೋಯಿತು. ನಕಲುಗಳೂ ಅದೇ ಕಟ್ಟಡದಲ್ಲಿದ್ದ ಕೆಲವು ಗ್ರಾಹಕರಿಗೆ ಏನೂ ಉಳಿಯಲಿಲ್ಲ. ಇಲ್ಲಿ ಕಳ್ಳನಿಲ್ಲ; ಆದರೂ ಪರಿಣಾಮ ಒಂದೇ.

ಹಾಗಾದರೆ ಪರಿಹಾರವೇನು? ಮೊದಲನೆಯದಾಗಿ, ಗುಪ್ತಪದವೊಂದನ್ನೇ ನಂಬದೆ, ದೂರವಾಣಿಯಲ್ಲಿ ಆಗಿಂದಾಗ ಮೂಡುವ ಸಂಖ್ಯೆಯಂತಹ ಎರಡನೆಯ ಸಾಕ್ಷ್ಯವನ್ನೂ ಕೇಳಬೇಕು. ಎರಡನೆಯದಾಗಿ, ನೌಕರನಿಗೆ ಅವನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕು. ನಿತ್ಯದ ಕೆಲಸದ ಖಾತೆಯಿಂದ ನಕಲುಗಳನ್ನು ಅಳಿಸಲು ಆಗಕೂಡದು. ಮೂರನೆಯದಾಗಿ, ಒಟ್ಟು ಮೂರು ಪ್ರತಿಗಳನ್ನು ಎರಡು ಬಗೆಯ ಸಾಧನಗಳಲ್ಲಿಟ್ಟು, ಅವುಗಳಲ್ಲಿ ಒಂದನ್ನಾದರೂ ದೂರದ ಸ್ಥಳದಲ್ಲಿ, ಬೇರೆ ಖಾತೆಯಲ್ಲಿ ಇರಿಸಬೇಕು. ನಕಲಿನಿಂದ ದಾಖಲೆಯನ್ನು ಮರಳಿ ಪಡೆಯಲು ಆಗುವುದೇ ಎಂದು ಆಗಾಗ ಪರೀಕ್ಷಿಸುವುದೂ ಅಗತ್ಯ.

ವಿದ್ಯಾರ್ಥಿಗಳಿಗೂ ಈ ಮಾತು ಅನ್ವಯಿಸುತ್ತದೆ. ವರ್ಷವಿಡೀ ಬರೆದ ಟಿಪ್ಪಣಿಗಳನ್ನು ಒಂದೇ ಖಾತೆಯಲ್ಲಿಟ್ಟು ನಿಶ್ಚಿಂತರಾಗಿರುವವರು, ಆ ಖಾತೆ ನಾಳೆ ತೆರೆಯದಿದ್ದರೆ ತಮ್ಮ ಬಳಿ ಏನು ಉಳಿಯುವುದೆಂದು ಇಂದೇ ಕೇಳಿಕೊಳ್ಳಲಿ.